ಒಂದೇ ಕುಲುಮೆ, ಎರಡು ಕಲೆ

ಬೆಂಕಿಯನ್ನು ಪಳಗಿಸಿ ಕೆಲಸಕ್ಕೆ ಹಚ್ಚುವ ಸಾಧನಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಕುಂಬಾರನದು ಆವಗೆ, ಕಮ್ಮಾರನದು ಕುಲುಮೆ, ಅಕ್ಕಸಾಲಿಗನದು ಅಗ್ಗಿಷ್ಟಿಕೆ. ರಸವೈದ್ಯನು ಲೋಹವನ್ನು ಭಸ್ಮ ಮಾಡಲು ಕೊಡುವುದು ಪುಟ. ಹೆಸರುಗಳು ಹೀಗೆ ಬೇರೆ ಬೇರೆಯಾಗಿರುವುದು ಕೇವಲ ಮಾತಿನ ಸಮೃದ್ಧಿಯಿಂದಲ್ಲ. ಒಂದೊಂದು ಕಸುಬು ಬೆಂಕಿಯಿಂದ ಬಯಸುವ ಗುಣವೇ ಬೇರೆ. ಆವಗೆಯ ಕಾವು ಮೆಲ್ಲಗೆ ಏರಬೇಕು, ಬಹಳ ಹೊತ್ತು ನಿಲ್ಲಬೇಕು, ಮೆಲ್ಲಗೆ ಆರಬೇಕು. ಅಗ್ಗಿಷ್ಟಿಕೆಯ ಕಾವಾದರೋ ಊದಿದೊಡನೆ ಏರಬೇಕು, ಬಿಟ್ಟೊಡನೆ ತಗ್ಗಬೇಕು. ಒಂದು ತಾಳ್ಮೆಯ ಬೆಂಕಿ, ಇನ್ನೊಂದು ಚುರುಕಿನ ಬೆಂಕಿ.

ಈ ಎರಡು ಗುಣಗಳನ್ನೂ ಒಂದೇ ಪೆಟ್ಟಿಗೆಯಲ್ಲಿ ಅಡಕಮಾಡಿಕೊಳ್ಳಬೇಕಾದ ಪ್ರಸಂಗವು ಇಂದಿನ ಕುಶಲಕಲಾ ಶಿಕ್ಷಣದಲ್ಲಿ ಒದಗಿದೆ. ಲೋಹದ ಮೇಲೆ ಗಾಜಿನ ಬಣ್ಣವನ್ನು ಕರಗಿಸಿ ಕೂಡಿಸುವ ಮೀನಾಕಾರಿ ಒಂದು ಕಲೆ. ಲೋಹದ ಪುಡಿಯನ್ನು ಮಣ್ಣಿನಂತೆ ಕಲಸಿ, ರೂಪಕೊಟ್ಟು, ಸುಟ್ಟು ಮತ್ತೆ ಲೋಹವನ್ನೇ ಪಡೆಯುವ ಲೋಹಮೃತ್ತಿಕೆ ಇನ್ನೊಂದು ಕಲೆ. ಮೊದಲನೆಯದು ಮೂರು ಸಾವಿರ ವರ್ಷಗಳಿಗೂ ಹಳೆಯದು. ಎರಡನೆಯದು ಹುಟ್ಟಿ ಇನ್ನೂ ಅರ್ಧ ಶತಮಾನ ಸಂದಿಲ್ಲ. ಎರಡಕ್ಕೂ ವಿದ್ಯುತ್ ಕುಲುಮೆ ಬೇಕು. ಎರಡು ಕುಲುಮೆಗಳನ್ನು ಕೊಳ್ಳುವ ಅನುಕೂಲ ಎಲ್ಲ ವಿದ್ಯಾಸಂಸ್ಥೆಗಳಿಗೂ ಇರುವುದಿಲ್ಲ. ಆದ್ದರಿಂದ ಒಂದೇ ಕುಲುಮೆಯಲ್ಲಿ ಎರಡನ್ನೂ ಸಾಧಿಸುವುದು ಹೇಗೆ, ಅಂಥ ಕುಲುಮೆಯನ್ನು ಆರಿಸುವುದು ಹೇಗೆ, ಆರಿಸಿದ ಮೇಲೆ ನಡೆಸುವುದು ಹೇಗೆ ಎಂಬ ಮೂರು ಪ್ರಶ್ನೆಗಳು ಅಧ್ಯಾಪಕರಿಗೂ ದಾನಿಗಳಿಗೂ ಸಮಾನವಾಗಿ ಸಂಬಂಧಿಸಿವೆ. ಆಯ್ಕೆ ತಪ್ಪಿದರೆ ದಾನದ ಹಣ ಮೂಲೆಯಲ್ಲಿ ಧೂಳು ಹಿಡಿಯುತ್ತದೆ. ಬಳಕೆ ತಪ್ಪಿದರೆ ವಿದ್ಯಾರ್ಥಿಯು ಹದಿನೈದು ದಿನ ಕುಳಿತು ಮಾಡಿದ ಪದಕವು ಎರಡು ನಿಮಿಷದಲ್ಲಿ ಹಾಳಾಗುತ್ತದೆ. ಎಚ್ಚರ ತಪ್ಪಿದರೆ ವಿದ್ಯಾರ್ಥಿಯ ದೇಹಕ್ಕೇ ಅಪಾಯ.

ಮೀನಾಕಾರಿಯ ಸ್ವರೂಪ

'ಮೀನಾ' ಎಂಬುದು ಪಾರಸಿಯಿಂದ ಬಂದ ಮಾತು. ನಮ್ಮ ನೀರಿನ ಮೀನಿಗೂ ಇದಕ್ಕೂ ಸಂಬಂಧವಿಲ್ಲ. ಇಂಗ್ಲಿಷಿನಲ್ಲಿ ಇದನ್ನೇ ಎನಾಮಲ್ ಎನ್ನುತ್ತಾರೆ. ಹಿಂದೆ ಮನೆಮನೆಯಲ್ಲಿದ್ದ, ಅಂಚು ಒಡೆದು ಕಪ್ಪು ತಗಡು ಕಾಣುತ್ತಿದ್ದ ಬಿಳಿಯ ಎನಾಮಲ್ ತಟ್ಟೆ ಲೋಟಗಳು ಈ ಕಲೆಯ ದೂರದ ನೆಂಟರೇ. ಮೀನಾ ಎಂದರೆ ತತ್ತ್ವತಃ ಗಾಜು. ಗಾಜಿಗೆ ಲೋಹದ ಆಕ್ಸೈಡುಗಳನ್ನು ಸೇರಿಸಿ ಬಣ್ಣ ಬರಿಸುತ್ತಾರೆ: ಕೋಬಾಲ್ಟಿನಿಂದ ನೀಲಿ, ತಾಮ್ರದಿಂದ ಹಸಿರು, ಮ್ಯಾಂಗನೀಸಿನಿಂದ ನೇರಳೆ, ತವರದ ಆಕ್ಸೈಡಿನಿಂದ ಹಾಲಿನಂಥ ಬಿಳುಪು, ಚಿನ್ನದಿಂದಲೇ ಮಾಣಿಕ್ಯದ ಕೆಂಪು. ಆ ಗಾಜನ್ನು ನುಣ್ಣಗೆ ಅರೆದು, ತೊಳೆದು, ಒದ್ದೆಯಾಗಿಯೇ ಲೋಹದ ಮೇಲೆ ತುಂಬಿ, ಒಣಗಿಸಿ, ಸುಮಾರು 750ರಿಂದ 850 ಸೆಲ್ಸಿಯಸ್ ಡಿಗ್ರಿ ಕಾವಿನಲ್ಲಿ ಒಂದೆರಡು ನಿಮಿಷ ಇರಿಸಿದರೆ ಪುಡಿ ಕರಗಿ ಹರಡಿ ಲೋಹಕ್ಕೆ ಅಂಟಿಕೊಳ್ಳುತ್ತದೆ.

ಸೈಪ್ರಸ್ ದ್ವೀಪದ ಕೂಕ್ಲಿಯಾ ಎಂಬಲ್ಲಿ ದೊರೆತ ಉಂಗುರಗಳು ಕ್ರಿಸ್ತಪೂರ್ವ 13ನೆಯ ಶತಮಾನದವು; ಅವುಗಳಲ್ಲಿ ಈ ಕೆಲಸವಿದೆ. ಬೈಜಾಂಟಿಯಮಿನ ಶಿಲ್ಪಿಗಳು ಚಿನ್ನದ ತೆಳುಪಟ್ಟಿಗಳಿಂದ ಮನೆಮನೆಯಾಗಿ ಕಟ್ಟಿ ಅದರೊಳಗೆ ಬಣ್ಣ ತುಂಬಿದರು. ವೆನಿಸ್ ನಗರದ ಸಂತ ಮಾರ್ಕನ ದೇವಾಲಯದ ಚಿನ್ನದ ವೇದಿಕಾಫಲಕವು ಅದಕ್ಕೆ ಮೇಲಾದ ನಿದರ್ಶನ. ಫ್ರಾನ್ಸಿನ ಲಿಮೋಜ್ ಪಟ್ಟಣವು 12ನೆಯ ಶತಮಾನದಲ್ಲಿ, ಎಂದರೆ ಕಲ್ಯಾಣದಲ್ಲಿ ಶರಣರಿದ್ದ ಕಾಲದಲ್ಲಿಯೇ, ತಾಮ್ರವನ್ನು ತೋಡಿ ಬಣ್ಣ ತುಂಬುವ ಕ್ರಮಕ್ಕೆ ಹೆಸರಾಯಿತು. ನಮ್ಮ ದೇಶದಲ್ಲಿ ಈ ಕಲೆಯ ಮುಖ್ಯ ನೆಲೆ ಜಯಪುರ. ಅಂಬೇರಿನ ರಾಜಾ ಮಾನಸಿಂಹನು ಲಾಹೋರಿನಿಂದ ಕುಶಲಿಗಳನ್ನು ಕರೆತಂದನೆಂಬುದು ಅಲ್ಲಿಯ ಪ್ರತೀತಿ. ಜಯಪುರದ ಕೆಲಸಗಾರರು ಚಿನ್ನವನ್ನು ಉಳಿಯಿಂದ ತೋಡಿ, ತೋಡಿದ ಹಳ್ಳದಲ್ಲಿ ಬಣ್ಣ ತುಂಬುತ್ತಾರೆ. ಹೆಚ್ಚು ಕಾವನ್ನು ತಡೆಯುವ ಬಿಳಿಯ ಬಣ್ಣವನ್ನು ಮೊದಲು ಸುಟ್ಟು, ಕಾವನ್ನು ತಾಳದ ಕೆಂಪನ್ನು ಕಟ್ಟಕಡೆಗೆ ಸುಡುವುದು ಅವರ ಸಂಪ್ರದಾಯ. ಒಂದು ಒಡವೆ ಹೀಗೆ ನಾಲ್ಕೈದು ಬಾರಿ ಬೆಂಕಿಯನ್ನು ಹೊಕ್ಕು ಹೊರಬರುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶ ಇದು: ಮೀನಾಕಾರನು ತಣ್ಣನೆಯ ಕುಲುಮೆಯಲ್ಲಿ ಒಡವೆಯನ್ನಿಟ್ಟು ಕಾಯಿಸುವುದಿಲ್ಲ. ಕುಲುಮೆ ಮೊದಲೇ ಕೆಂಪಾಗಿ ಕಾದಿರಬೇಕು. ಆಗ ಬಾಗಿಲು ತೆರೆದು, ಉದ್ದ ಹಿಡಿಯ ಕವಲುಗೋಲಿನಿಂದ ಒಡವೆಯನ್ನು ಒಳಗಿಟ್ಟು, ಬಾಗಿಲು ಮುಚ್ಚಿ, ಹದವರಿತು ಮತ್ತೆ ತೆರೆದು ತೆಗೆಯಬೇಕು. ಹದಕ್ಕೆ ಮೂರು ಗುರುತುಗಳುಂಟು. ಮೊದಲು ಪುಡಿಯು ಸಕ್ಕರೆಯ ಹರಳಿನಂತೆ ಒರಟಾಗಿ ಕಾಣುತ್ತದೆ. ಆಮೇಲೆ ಕಿತ್ತಳೆಯ ಸಿಪ್ಪೆಯಂತೆ ಉಬ್ಬುತಗ್ಗಾಗುತ್ತದೆ. ಕೊನೆಗೆ ನೀರಿನ ಮೈಯಂತೆ ನುಣುಪಾಗಿ ಹೊಳೆಯುತ್ತದೆ. ಎರಡನೆಯ ಘಟ್ಟಕ್ಕೂ ಮೂರನೆಯ ಘಟ್ಟಕ್ಕೂ ನಡುವೆ ಇರುವುದು ಕೆಲವೇ ಕ್ಷಣಗಳು. ಆ ಕ್ಷಣಗಳನ್ನು ಮೀರಿದರೆ ಬಣ್ಣ ಅಂಚಿನಿಂದ ಹಿಂದೆ ಸರಿದು ಅಲ್ಲಿ ಸುಟ್ಟ ಕಲೆಯಾಗುತ್ತದೆ.

ಲೋಹಮೃತ್ತಿಕೆಯ ಸ್ವರೂಪ

ಇಂಗ್ಲಿಷಿನಲ್ಲಿ ಮೆಟಲ್ ಕ್ಲೇ ಎನಿಸಿಕೊಂಡ ಲೋಹಮೃತ್ತಿಕೆಯು ಹುಟ್ಟಿದುದು ಜಪಾನಿನಲ್ಲಿ. 1990ರ ದಶಕದ ಆರಂಭದಲ್ಲಿ ಮಿತ್ಸುಬಿಷಿ ಮೆಟೀರಿಯಲ್ಸ್ ಸಂಸ್ಥೆಯ ವಿಜ್ಞಾನಿ ಮಸಾಕಿ ಮೊರಿಕಾವಾ ಇದನ್ನು ರೂಪಿಸಿದರು. ಅದೇ ದೇಶದ ಐದಾ ಕೆಮಿಕಲ್ ಇಂಡಸ್ಟ್ರೀಸ್ ಸಂಸ್ಥೆಯೂ ಆರ್ಟ್ ಕ್ಲೇ ಎಂಬ ಹೆಸರಿನಲ್ಲಿ ಇಂಥದೇ ವಸ್ತುವನ್ನು ಹೊರತಂದಿತು. ಇದರಲ್ಲಿರುವುದು ಮೂರೇ ಪದಾರ್ಥ: ಕಣ್ಣಿಗೆ ಬಿಡಿಬಿಡಿಯಾಗಿ ಕಾಣದಷ್ಟು ನುಣುಪಾದ ಬೆಳ್ಳಿಯ ಪುಡಿ, ಅದನ್ನು ಹಿಡಿದಿಡುವ ಸಾವಯವ ಅಂಟು, ಮತ್ತು ನೀರು. ಹಿಸುಕಿದರೆ ಜೇಡಿಮಣ್ಣಿನಂತೆ ಮಿದುವಾಗಿದ್ದು ಬೆರಳಿನ ಗುರುತನ್ನೂ ಎಲೆಯ ನರವನ್ನೂ ಹಿಡಿದುಕೊಳ್ಳುತ್ತದೆ.

ರೂಪಕೊಟ್ಟು ಪೂರ್ತಿಯಾಗಿ ಒಣಗಿಸಿ ಕುಲುಮೆಯಲ್ಲಿಟ್ಟರೆ ಮೊದಲು ಅಂಟು ಉರಿದು ಹೊಗೆಯಾಗಿ ಹೋಗುತ್ತದೆ. ಕಾವು ಇನ್ನೂ ಏರಿದಾಗ ಬೆಳ್ಳಿಯ ಕಣಗಳು ಕರಗದೆಯೇ, ಒಂದಕ್ಕೊಂದು ತಾಗಿದ ಎಡೆಯಲ್ಲಿ ಬೆಸೆದುಕೊಳ್ಳುತ್ತವೆ. ಇದಕ್ಕೆ ಸಿಂಟರಿಂಗ್ ಎಂದು ಹೆಸರು. ಬೆಳ್ಳಿ ಕರಗುವುದು ಸುಮಾರು 962 ಡಿಗ್ರಿಯಲ್ಲಿ. ಬೆಸೆದುಕೊಳ್ಳುವುದು ಅದಕ್ಕಿಂತ ಕೆಳಗೆ. ಮೊದಲು ಬಂದ ಮೃತ್ತಿಕೆಗೆ 900 ಡಿಗ್ರಿಯಲ್ಲಿ 2 ಗಂಟೆ ಬೇಕಾಗುತ್ತಿತ್ತು. ಆಮೇಲೆ ಬಂದ ಬಗೆಗಳು 650 ಡಿಗ್ರಿಯಲ್ಲಿ ಅರ್ಧ ಗಂಟೆಗೂ ಬೆಸೆಯುತ್ತವೆ. ಆದರೂ 900 ಡಿಗ್ರಿಯ ದೀರ್ಘವಾದ ಪಾಕ ದೊರೆತರೆ ವಸ್ತು ಹೆಚ್ಚು ಗಟ್ಟಿಯಾಗುತ್ತದೆ.

ಅಂಟು ಹೋಗಿ ಕಣಗಳು ಹತ್ತಿರವಾದುದರಿಂದ ವಸ್ತುವು ಕುಗ್ಗುತ್ತದೆ. ಮೊದಲ ಬಗೆಯದು ಉದ್ದದಲ್ಲಿ ಸುಮಾರು 28 ಭಾಗ ಕುಗ್ಗುತ್ತಿತ್ತು; ನಂತರದವು ಸುಮಾರು 10 ಭಾಗ. 10 ಭಾಗ ಕುಗ್ಗುವ ಮೃತ್ತಿಕೆಯಲ್ಲಿ 20 ಮಿಲಿಮೀಟರ್ ಅಗಲದ ಉಂಗುರವನ್ನು ಮಾಡಿದರೆ ಸುಟ್ಟ ಮೇಲೆ ಉಳಿಯುವುದು 18 ಮಿಲಿಮೀಟರ್. ಈ ಲೆಕ್ಕವನ್ನು ಮೊದಲೇ ಹಿಡಿಯದವನಿಗೆ ಉಂಗುರ ಬೆರಳಿಗೆ ಏರುವುದಿಲ್ಲ. ಕುಲುಮೆಯಿಂದ ಹೊರಬಂದ ಬೆಳ್ಳಿ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಹಿತ್ತಾಳೆಯ ತಂತಿಯ ಬ್ರಷ್ಷಿನಿಂದ ಉಜ್ಜಿದಾಗ ಮಾತ್ರ ಅದರ ಹೊಳಪು ಎದ್ದುಬರುತ್ತದೆ.

ಇದರ ಮಿತಿಯನ್ನೂ ಹೇಳಬೇಕು. ಬಡಿದು ಎಳೆದ ಬೆಳ್ಳಿಯ ಬಿಗಿ ಇದಕ್ಕಿಲ್ಲ. ಒಳಗೆ ಸೂಕ್ಷ್ಮವಾದ ರಂಧ್ರಗಳು ಉಳಿದಿರುತ್ತವೆ. ದಿನವೂ ಕೊರಳಲ್ಲಿ ಧರಿಸಿ, ತೆರೆದು ಮುಚ್ಚುವ ಬೆಳ್ಳಿಯ ಕರಡಿಗೆಯಂಥದನ್ನು ಅಕ್ಕಸಾಲಿಗನು ತಗಡಿನಿಂದ ಬಡಿದು ಮಾಡುವುದೇ ಸರಿ. ಪದಕ, ಓಲೆಯ ಬಿಲ್ಲೆ, ಗುಂಡಿ, ಅಲಂಕಾರದ ಫಲಕ ಇವು ಮೃತ್ತಿಕೆಗೆ ಒಪ್ಪುವ ಕೆಲಸಗಳು.

ಎರಡು ಬೇಡಿಕೆಗಳ ವಿರೋಧ

ಮೇಲಿನ ವಿವರಣೆಯಿಂದ ಕುಲುಮೆಯ ಸಮಸ್ಯೆ ಸ್ಪಷ್ಟವಾಗುತ್ತದೆ. ಮೀನಾಕಾರಿಗೆ ಬಾಗಿಲನ್ನು ಪದೇಪದೇ ತೆರೆಯಬೇಕು. ತೆರೆದ ಪ್ರತಿ ಸಲವೂ ಕಾವು ಥಟ್ಟನೆ ಇಳಿಯುತ್ತದೆ. ನೂರು ಡಿಗ್ರಿಯವರೆಗೂ ಇಳಿಯಬಹುದು. ಇಳಿದ ಕಾವು ಬೇಗ ಚೇತರಿಸಿಕೊಳ್ಳದಿದ್ದರೆ ಬಣ್ಣ ಹದಕ್ಕೆ ಬರುವ ಮೊದಲೇ ತಾಮ್ರ ಕಪ್ಪಿಟ್ಟು ಕೆಡುತ್ತದೆ. ಲೋಹಮೃತ್ತಿಕೆಗೆ ಬಾಗಿಲು ತೆರೆಯುವ ಅವಶ್ಯಕತೆಯೇ ಇಲ್ಲ. ಅದಕ್ಕೆ ಬೇಕಾದುದು ನಿಯಮಿತವಾದ ಏರಿಕೆ ಮತ್ತು ಗಂಟೆಗಟ್ಟಲೆ ಅಲುಗದ ನಿಲುವು. 900 ಡಿಗ್ರಿಗೆ ನಿಂತ ಕುಲುಮೆ 60 ಡಿಗ್ರಿ ಮೀರಿತೆಂದರೆ ಬೆಳ್ಳಿಯ ಪದಕವು ಬೆಳ್ಳಿಯ ಗುಂಡಾಗುತ್ತದೆ. 60 ಡಿಗ್ರಿ ಕಡಿಮೆಯಾಯಿತೆಂದರೆ ಪದಕ ನೋಡಲು ಸರಿಯಾಗಿದ್ದು ಬಗ್ಗಿಸಿದಾಗ ಮುರಿಯುವ ಸಂಭವವುಂಟು.

ಒಂದಕ್ಕೆ ಚೇತರಿಕೆ, ಇನ್ನೊಂದಕ್ಕೆ ಸ್ಥಿರತೆ. ಇವೆರಡೂ ಒಂದೇ ಕುಲುಮೆಯಲ್ಲಿ ಕೂಡಲಾರವೆಂದೇನೂ ಅಲ್ಲ. ಕುಲುಮೆಯ ಒಡಲನ್ನೂ ಬಾಗಿಲನ್ನೂ ಮೀನಾಕಾರಿಯ ಬೇಡಿಕೆಯಂತೆ ಆರಿಸಬೇಕು. ಕಾವಿನ ನಿಯಂತ್ರಣವನ್ನು ಲೋಹಮೃತ್ತಿಕೆಯ ಬೇಡಿಕೆಯಂತೆ ಆರಿಸಬೇಕು. ಪ್ರತಿಯೊಂದು ಅಂಗದಲ್ಲಿಯೂ ಹೆಚ್ಚು ಕಟ್ಟುನಿಟ್ಟಾದ ಬೇಡಿಕೆಗೆ ಮಣಿಯುವುದೇ ಆಯ್ಕೆಯ ಸೂತ್ರ.

ಕುಲುಮೆಯ ಆಯ್ಕೆ

ಮೊದಲನೆಯದು ಬಾಗಿಲು. ಮೇಲಿನಿಂದ ಮುಚ್ಚಳ ತೆರೆಯುವ ಕುಲುಮೆಗಳು ಮಡಕೆಯ ಕೆಲಸಕ್ಕೆ ಒಳ್ಳೆಯವು, ಮೃತ್ತಿಕೆಗೂ ಆಗಬಹುದು. ಮೀನಾಕಾರಿಗೆ ಮಾತ್ರ ಸಲ್ಲವು. ಮುಚ್ಚಳ ಎತ್ತಿದೊಡನೆ ಕಾವೆಲ್ಲ ಮೇಲಕ್ಕೆ ಹಾರಿಹೋಗುತ್ತದೆ. ಕೆಲಸಗಾರನ ಕೈಯೂ ಮುಖವೂ ಅದರ ದಾರಿಯಲ್ಲೇ ಇರುತ್ತವೆ. ಆದುದರಿಂದ ಬಾಗಿಲು ಮುಂದುಗಡೆ ಇರಬೇಕು. ಬಾಗಿಲನ್ನು ತೆರೆದೊಡನೆ ಒಳಗಿನ ತಂತಿಗೆ ವಿದ್ಯುತ್ತು ನಿಲ್ಲುವ ಸ್ವಿಚ್ಚು ಅದಕ್ಕೆ ಜೋಡಿಸಿರಲೇಬೇಕು. ಕಬ್ಬಿಣದ ಕವಲುಗೋಲು ಹರಿವಿರುವ ತಂತಿಗೆ ತಾಗಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ.

ಎರಡನೆಯದು ಒಡಲು. ಒಳಗೋಡೆ ಉಷ್ಣನಿರೋಧಕ ಇಟ್ಟಿಗೆಯದಾಗಿರಬಹುದು, ಇಲ್ಲವೇ ಸೆರಾಮಿಕ್ ನಾರಿನದಾಗಿರಬಹುದು. ನಾರಿನ ಕುಲುಮೆ ಹಗುರ, ಬೇಗ ಕಾಯುತ್ತದೆ; ಆದರೆ ಅದರಲ್ಲಿ ಕಾವಿನ ಸಂಗ್ರಹ ಕಡಿಮೆ. ಇಟ್ಟಿಗೆಯದು ಭಾರ, ಕಾಯಲು ಹೊತ್ತು ಬೇಕು. ಆದರೆ ಒಮ್ಮೆ ಕಾದ ಗೋಡೆಯು ಕಣಜದಂತೆ ಕಾವನ್ನು ತುಂಬಿಟ್ಟುಕೊಂಡು, ಬಾಗಿಲು ತೆರೆದಾಗ ಕಳೆದುಹೋದುದನ್ನು ತಾನೇ ತುಂಬಿಕೊಡುತ್ತದೆ. ಎರಡೂ ಕಲೆಗಳಿಗೆ ಒಂದೇ ಕುಲುಮೆಯಾದಲ್ಲಿ, ಅದರಲ್ಲಿಯೂ ಅನೇಕ ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಬಾಗಿಲು ತೆರೆಯುವ ಶಾಲೆಯಲ್ಲಿ, ಇಟ್ಟಿಗೆಯ ಒಡಲೇ ಶ್ರೇಷ್ಠ. ನಾರು ಹಳೆಯದಾದಂತೆ ಉದುರುವ ಧೂಳು ಶ್ವಾಸಕೋಶಕ್ಕೆ ಕೆಡುಕಾದುದೆಂಬುದು ಇದಕ್ಕೆ ಇನ್ನೊಂದು ಕಾರಣ.

ಮೂರನೆಯದು ಕಾಯುವ ತಂತಿ. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ನಿಕ್ರೋಮ್ ತಂತಿಗೆ ಪೇಟೆಂಟ್ ಪಡೆದ ಮೇಲೆಯೇ ಇಂಥ ಕುಲುಮೆಗಳು ಸುಲಭವಾದುವು. ಆಮೇಲೆ ಸ್ವೀಡನ್ನಿನಲ್ಲಿ ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಸೇರಿದ ಕಾಂಥಾಲ್ ತಂತಿ ಬಂದಿತು. ಇಂಥ ತಂತಿಗಳು ಬಾಳುವುದು ಮೈಮೇಲೆ ತಾವಾಗಿ ಕಟ್ಟಿಕೊಳ್ಳುವ ಆಕ್ಸೈಡಿನ ತೆಳುಹೊದಿಕೆಯಿಂದ. ಆ ಹೊದಿಕೆಗೆ ಗಾಳಿ ಬೇಕು. ಗಾಜಿನ ಹನಿ ಬಿದ್ದರೂ, ಇದ್ದಿಲಿನ ಹೊಗೆ ತುಂಬಿದರೂ ಹೊದಿಕೆ ಕೆಟ್ಟು ತಂತಿ ಕಡಿಯುತ್ತದೆ. ಆದ್ದರಿಂದ ತಂತಿಯು ಗೋಡೆಯ ಕಾಲುವೆಯಲ್ಲಿ ಆಳವಾಗಿ ಹುದುಗಿದ್ದು, ಬೇಕಾದಾಗ ಬದಲಿಸಲು ಬರುವಂತಿರಬೇಕು. ಬದಲಿ ತಂತಿ ದೊರೆಯುವುದೆಲ್ಲಿ ಎಂಬುದನ್ನು ಕುಲುಮೆ ಕೊಳ್ಳುವ ದಿನವೇ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.

ನಾಲ್ಕನೆಯದು ಅಳತೆ ಮತ್ತು ವಿದ್ಯುತ್ತು. ದೊಡ್ಡದಾದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. ಒಳಗೆ ಒಂದು ಗೇಣು ಅಗಲ, ಒಂದು ಗೇಣು ಆಳವಿದ್ದರೆ ಈ ಎರಡು ಕಲೆಗಳಿಗೂ ಸಾಕು. ಅಂಥ ಕುಲುಮೆಗೆ ಸುಮಾರು 1.5ರಿಂದ 3 ಕಿಲೋವಾಟ್ ವಿದ್ಯುತ್ತು ಬೇಕಾಗುತ್ತದೆ. ನಮ್ಮ 230 ವೋಲ್ಟಿನಲ್ಲಿ 3 ಕಿಲೋವಾಟ್ ಎಂದರೆ 13 ಆಂಪಿಯರ್. ದೀಪ ಫ್ಯಾನುಗಳ 6 ಆಂಪಿಯರ್ ಸಾಕೆಟ್ಟು ಇದನ್ನು ತಾಳಲಾರದು. 16 ಆಂಪಿಯರಿನ ಪ್ರತ್ಯೇಕ ಸಾಲು, ಸರಿಯಾದ ಅರ್ಥಿಂಗ್, ತಾನಾಗಿ ಬೀಳುವ ಸ್ವಿಚ್ಚು ಅವಶ್ಯ. ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಪ್ರೀತಿಯಿಂದ ಕುಲುಮೆಯನ್ನು ಕಳುಹಿಸುವುದಾದರೆ ಇದೊಂದನ್ನು ಲಕ್ಷಿಸಬೇಕು: ಅಮೆರಿಕದ 120 ವೋಲ್ಟಿನ ಕುಲುಮೆಯನ್ನು ನಮ್ಮ ಸಾಕೆಟ್ಟಿಗೆ ನೇರವಾಗಿ ಸಿಕ್ಕಿಸಿದರೆ ಅದು ತಾಳಬೇಕಾದುದರ ಮೂರೂವರೆ ಪಟ್ಟಿಗೂ ಮೀರಿದ ಶಕ್ತಿಯನ್ನು ಎಳೆದು ಸುಟ್ಟುಹೋಗುತ್ತದೆ.

ಕಾವಿನ ಅಳತೆ

ಹಿಂದಿನ ಕುಶಲಿಗಳು ಕಾವನ್ನು ಕಣ್ಣಿನಿಂದ ಅಳೆಯುತ್ತಿದ್ದರು. ಮಂದವಾದ ಕೆಂಪು, ಹಣ್ಣಿನ ಕೆಂಪು, ಕಿತ್ತಳೆ ಎಂದು ಬೆಂಕಿಯ ಬಣ್ಣವೇ ಅವರಿಗೆ ಲೆಕ್ಕವಾಗಿತ್ತು. ಆ ಕಣ್ಣು ಹತ್ತಾರು ವರ್ಷಗಳ ಅಭ್ಯಾಸದಿಂದ ಬಂದುದು. ಬಿಸಿಲು ತುಂಬಿದ ತರಗತಿಯಲ್ಲಿ ಅದೇ ಕೆಂಪು ಮಬ್ಬಾಗಿ ಕಂಡು ಮೋಸಮಾಡುತ್ತದೆ.

ಬೆಂಕಿಗೆ ಅಂಕಿಯನ್ನು ಕೊಡುವ ಪ್ರಯತ್ನದ ಇತಿಹಾಸ ಸ್ವಾರಸ್ಯವಾದುದು. ಇಂಗ್ಲೆಂಡಿನ ಕುಂಬಾರ ಜೋಸಯ್ಯ ವೆಜ್‌ವುಡ್ 1782ರಲ್ಲಿ ಜೇಡಿಮಣ್ಣಿನ ಚಿಕ್ಕ ತುಂಡುಗಳನ್ನು ಆವಗೆಯಲ್ಲಿಟ್ಟು, ಅವು ಎಷ್ಟು ಕುಗ್ಗಿದುವೆಂಬುದರಿಂದ ಕಾವನ್ನು ಅಳೆದನು. ಮಣ್ಣಿನ ಕುಗ್ಗುವಿಕೆಯೇ ಅಳತೆಗೋಲಾಯಿತು. 1886ರಲ್ಲಿ ಜರ್ಮನಿಯ ಹರ್ಮನ್ ಸೇಗರ್ ನಿರ್ದಿಷ್ಟ ಕಾವಿಗೆ ಬಾಗುವ ಮಣ್ಣಿನ ಶಂಕುಗಳನ್ನು ರೂಪಿಸಿದನು. ಈಗಿನ ಕುಲುಮೆಗಳಲ್ಲಿರುವುದು ಉಷ್ಣಯುಗ್ಮ, ಎಂದರೆ ಥರ್ಮೋಕಪಲ್. ಎರಡು ಬೇರೆ ಲೋಹಗಳ ತಂತಿಗಳನ್ನು ಸೇರಿಸಿ ಸೇರುವೆಯನ್ನು ಕಾಯಿಸಿದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡನು. ಅದೇ ತತ್ತ್ವ ಇದರದು.

ಉಷ್ಣಯುಗ್ಮಕ್ಕೆ ಜೋಡಿಸಿದ ನಿಯಂತ್ರಕವು ಮೂರು ಆಜ್ಞೆಗಳನ್ನು ಪಾಲಿಸಬೇಕು: ಗಂಟೆಗೆ ಇಷ್ಟು ಡಿಗ್ರಿಯಂತೆ ಏರು, ಇಷ್ಟು ಡಿಗ್ರಿಯಲ್ಲಿ ನಿಲ್ಲು, ಇಷ್ಟು ಹೊತ್ತು ನಿಲ್ಲು. ಈ ನಿಯಂತ್ರಕವಿಲ್ಲದ ಕುಲುಮೆಯಲ್ಲಿ ಮೀನಾಕಾರಿ ಮಾಡಬಹುದು. ಲೋಹಮೃತ್ತಿಕೆಯ ಕೆಲಸ ಮಾತ್ರ ಜೂಜಾಗುತ್ತದೆ. ದಾನದ ಹಣ ಸಾಲದೆ ಬಂದಾಗ ಅಳತೆಯಲ್ಲಿ ಚಿಕ್ಕದನ್ನು ಕೊಳ್ಳಬಹುದೇ ಹೊರತು ನಿಯಂತ್ರಕವನ್ನು ಬಿಡಬಾರದು.

ನಿಯಂತ್ರಕವು ತೋರಿಸುವ ಅಂಕಿಯೂ ಉಷ್ಣಯುಗ್ಮದ ತುದಿಯಿರುವ ಎಡೆಯ ಕಾವೇ ಹೊರತು ವಸ್ತುವಿನ ಕಾವಲ್ಲ. ಬಾಗಿಲಿನ ಬಳಿ ತಂಪು, ಹಿಂಗೋಡೆಯ ಬಳಿ ಬಿಸಿ. ಇದನ್ನು ಪರೀಕ್ಷಿಸಲು ಒಂದು ಸುಲಭೋಪಾಯವುಂಟು. ಅಪ್ಪಟ ಬೆಳ್ಳಿಯ ಚಿಕ್ಕ ತಂತಿಯ ಚೂರೊಂದನ್ನು, ವಸ್ತುವನ್ನಿಡುವ ಎಡೆಯಲ್ಲಿಯೇ ಇಟ್ಟು, 940 ಡಿಗ್ರಿಯಿಂದ ಮುಂದೆ ಬಹು ನಿಧಾನವಾಗಿ ಏರಿಸುತ್ತ ಹೋಗಬೇಕು. ಚೂರು ಮುದುಡಿ ಹನಿಯಾದಾಗ ಅಲ್ಲಿಯ ನಿಜವಾದ ಕಾವು 962. ನಿಯಂತ್ರಕವು ಆಗ 980 ಎಂದು ತೋರಿದರೆ 18 ಡಿಗ್ರಿ ಹೆಚ್ಚು ಹೇಳುತ್ತಿದೆಯೆಂದು ತಿಳಿಯಬೇಕು. ಆ ವ್ಯತ್ಯಾಸವನ್ನು ಕುಲುಮೆಯ ಮೈಮೇಲೆಯೇ ಬರೆದು ಅಂಟಿಸಿದರೆ ಮುಂದೆ ಬರುವ ಪ್ರತಿಯೊಬ್ಬ ಅಧ್ಯಾಪಕನಿಗೂ ಅದು ದಾರಿದೀಪ.

ಬಳಕೆಯ ಕ್ರಮ

ಒಂದೇ ಕುಲುಮೆಯಲ್ಲಿ ಎರಡು ಕೆಲಸ ನಡೆಯಬೇಕಾದರೆ ಹೊತ್ತಿನ ವಿಂಗಡಣೆ ಮುಖ್ಯ. ಎರಡನ್ನೂ ಒಟ್ಟಿಗೆ ಒಳಗಿಡಲೇಬಾರದು. ಮೃತ್ತಿಕೆಯ ಅಂಟು ಉರಿದ ಹೊಗೆ ಕರಗುತ್ತಿರುವ ಗಾಜಿನ ಮೈಯನ್ನು ಕೆಡಿಸುತ್ತದೆ. ಮೀನಾಕಾರಿಗಾಗಿ ಬಾಗಿಲು ತೆರೆದರೆ ಮೃತ್ತಿಕೆಗೆ ಬೇಕಾದ ನಿಲುವು ತಪ್ಪುತ್ತದೆ. ಬೆಳಗ್ಗೆ ತಣ್ಣನೆಯ ಕುಲುಮೆಯಲ್ಲಿ, ಚೆನ್ನಾಗಿ ಒಣಗಿದ ಮೃತ್ತಿಕೆಯ ವಸ್ತುಗಳನ್ನಿಟ್ಟು ಏರಿಸಬೇಕು. ತೇವ ಉಳಿದಿದ್ದರೆ ಒಳಗಿನ ನೀರು ಆವಿಯಾಗಿ ವಸ್ತುವನ್ನು ಸಿಡಿಸುತ್ತದೆ. ತಣ್ಣನೆಯ ಕನ್ನಡಿಯ ಮೇಲೆ ವಸ್ತುವನ್ನು ಒಂದು ನಿಮಿಷ ಇಟ್ಟೆತ್ತಿದಾಗ ಮಂಜು ಹಿಡಿದಿದ್ದರೆ ಇನ್ನೂ ಒಣಗಿಲ್ಲವೆಂದು ಅರ್ಥ. 900 ಡಿಗ್ರಿಯಲ್ಲಿ 2 ಗಂಟೆ ಕಳೆದ ಮೇಲೆ ಕುಲುಮೆಯನ್ನು 800ಕ್ಕೆ ಇಳಿಸಿ, ಮೃತ್ತಿಕೆಯ ವಸ್ತುಗಳಿರುವ ಜಾಲರಿಯನ್ನು ಕವಲುಗೋಲಿನಿಂದ ಅಧ್ಯಾಪಕನೇ ಹೊರತೆಗೆದು ಆರಲು ಬಿಟ್ಟರೆ, ಅದೇ ಕಾವಿನಲ್ಲಿ ಮಧ್ಯಾಹ್ನದ ಮೀನಾಕಾರಿ ನಡೆಯುತ್ತದೆ. ಒಂದೇ ವಿದ್ಯುತ್ತಿನ ಖರ್ಚಿನಲ್ಲಿ ಎರಡು ತರಗತಿ.

ಮಣೆಗಳನ್ನು ಮಾತ್ರ ಬೇರೆ ಬೇರೆ ಇಡಬೇಕು. ತಾಮ್ರದ ಮೇಲೆ ಮೀನಾಕಾರಿ ಮಾಡುವಾಗ ಕಪ್ಪು ಹೊಪ್ಪಳೆಗಳು ಉದುರುತ್ತವೆ. ಅದರ ಒಂದು ಚೂರು ಬಿಳಿಯ ಮೀನಾದ ಮೇಲೆ ಬಿದ್ದರೂ ಅಳಿಸಲಾಗದ ಕಲೆ. ಕರಗಿದ ಗಾಜು ಮಣೆಗೆ ಅಂಟದಂತೆ ಅಲ್ಯೂಮಿನಾ ಮತ್ತು ಬಿಳಿಯ ಜೇಡಿಯ ತೆಳ್ಳನೆಯ ಲೇಪವನ್ನು ಬಳಿದಿರಬೇಕು.

ಎರಡು ಕಲೆಗಳೂ ಒಂದೇ ವಸ್ತುವಿನಲ್ಲಿ ಕೂಡುವುದೂ ಉಂಟು. ಮೃತ್ತಿಕೆಯಲ್ಲಿ ಹಳ್ಳಗಳನ್ನು ಒತ್ತಿ, ಸುಟ್ಟು ಬೆಳ್ಳಿಯಾದ ಮೇಲೆ ಅದರಲ್ಲಿ ಬಣ್ಣ ತುಂಬಿದರೆ ಜಯಪುರದವರು ಉಳಿಯಿಂದ ತೋಡಿ ಸಾಧಿಸುವುದನ್ನು ಎಳೆಯ ಕೈಗಳೂ ಒಂದು ಮಟ್ಟಿಗೆ ಸಾಧಿಸಬಹುದು. ಆದರೆ ಅಂಥ ಬೆಳ್ಳಿ 900 ಡಿಗ್ರಿಯ ಪೂರ್ಣಪಾಕವನ್ನು ಪಡೆದಿರಲೇಬೇಕು. ಹಳ್ಳದ ಮೈಯನ್ನು ಉಕ್ಕಿನ ಉಜ್ಜುಗೋಲಿನಿಂದ ತೀಡಿ ರಂಧ್ರಗಳನ್ನು ಮುಚ್ಚಿರಬೇಕು. ಇಲ್ಲವಾದರೆ ಒಳಗಿನ ಗಾಳಿ ಗುಳ್ಳೆಗಳಾಗಿ ಬಣ್ಣವನ್ನು ಒಡೆದು ಬರುತ್ತದೆ. ತೆಳುವಾದ ತಗಡಿಗೆ ಬಣ್ಣ ತುಂಬುವಾಗ ಹಿಂಬದಿಗೂ ಮೀನಾ ಬಳಿಯಬೇಕೆಂಬುದನ್ನು ಮರೆಯಬಾರದು. ಆರುವಾಗ ಲೋಹ ಗಾಜಿಗಿಂತ ಹೆಚ್ಚು ಕುಗ್ಗುತ್ತದೆ. ಹಿಂದೆ ಸಮತೂಕವಿಲ್ಲದಿದ್ದರೆ ತಗಡು ಬಾಗಿ ಗಾಜು ಬಿರಿಯುತ್ತದೆ.

2008ರಿಂದ ಈಚೆಗೆ ಕಂಚು, ತಾಮ್ರಗಳ ಮೃತ್ತಿಕೆಗಳೂ ಬಂದಿವೆ. ಬೆಲೆ ಕಡಿಮೆಯೆಂದು ಇವು ಆಕರ್ಷಿಸುತ್ತವೆ. ಆದರೆ ಗಾಳಿ ತಾಗಿದರೆ ಈ ಲೋಹಗಳು ಬೆಸೆಯುವ ಮೊದಲೇ ಆಕ್ಸೈಡಾಗುವುದರಿಂದ ಉಕ್ಕಿನ ಡಬ್ಬಿಯಲ್ಲಿ ಇದ್ದಿಲಿನ ಹರಳುಗಳ ನಡುವೆ ಹೂತು ಸುಡಬೇಕಾಗುತ್ತದೆ. ಇದ್ದಿಲಿನಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಹುಟ್ಟುತ್ತದೆ. ತಂತಿಯ ಹೊದಿಕೆಯೂ ಸವೆಯುತ್ತದೆ. ಹಾಗೆ ಸುಟ್ಟ ಮೇಲೆ ಡಬ್ಬಿ ಪೂರ್ತಿ ಆರುವವರೆಗೆ ತೆರೆಯಬಾರದು. ಮುಂದಿನ ಮೀನಾಕಾರಿಗೆ ಮುಂಚೆ ಖಾಲಿ ಕುಲುಮೆಯನ್ನು ಗಾಳಿಯಲ್ಲಿ ಒಮ್ಮೆ ಚೆನ್ನಾಗಿ ಕಾಯಿಸಬೇಕು. ಹೊಸದಾಗಿ ತೊಡಗುವ ಶಾಲೆಯು ಮೊದಲ ವರ್ಷ ಬೆಳ್ಳಿಯ ಮೃತ್ತಿಕೆಗೆ ಮಾತ್ರ ಸೀಮಿತವಾಗಿರುವುದು ವಿವೇಕ.

ರಕ್ಷಣೆ

ಹಳೆಯ ಮೀನಾಗಳಲ್ಲಿ ಸೀಸ ಇರುತ್ತಿತ್ತು; ಈಗಲೂ ಕೆಲವು ಬಗೆಗಳಲ್ಲಿದೆ. ಬೆಳೆಯುವ ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿ ಮರಳಿ ಸರಿಯಾಗತಕ್ಕದ್ದಲ್ಲ. ಆದ್ದರಿಂದ ಶಾಲೆಯಲ್ಲಿ ಸೀಸರಹಿತವಾದ ಮೀನಾವನ್ನೇ ಬಳಸಬೇಕು. ಪೊಟ್ಟಣದ ಮೇಲೆ ಹಾಗೆಂದು ಬರೆದಿಲ್ಲದುದನ್ನು ಬೆಲೆ ಕಡಿಮೆಯೆಂದು ತರಬಾರದು. ಸೀಸವಿಲ್ಲದ ಪುಡಿಯೂ ಗಾಜಿನ ಪುಡಿಯೇ ಆದುದರಿಂದ ಒಣಪುಡಿಯನ್ನು ಜರಡಿಯಾಡುವಾಗ ಮೂಗುಬಾಯಿಗೆ ತಕ್ಕ ಮುಸುಕು ಬೇಕು. ಮೇಜನ್ನು ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ತಿಂಡಿ ತಿನ್ನುವ ಮೇಜಿನಲ್ಲಿ ಈ ಕೆಲಸ ಕೂಡದು.

ಕುಲುಮೆಯು ಗೋಡೆಯಿಂದ ದೂರವಾಗಿ, ಸುಡದ ಕಲ್ಲಿನ ಹಾಸಿನ ಮೇಲೆ, ಕಿಟಕಿಯ ಬಳಿ ಇರಬೇಕು. ಕಾದ ಕುಲುಮೆಯೊಳಕ್ಕೆ ದಿಟ್ಟಿಸಿ ನೋಡುವ ಕಣ್ಣಿಗೆ ಅತಿಗೆಂಪು ಕಿರಣವನ್ನು ತಡೆಯುವ ಕನ್ನಡಕ ಅವಶ್ಯ. ಕೈಗೆ ಉದ್ದನೆಯ ಉಷ್ಣನಿರೋಧಕ ಕೈಚೀಲ ಬೇಕು. ಹಳೆಯ ಉಗ್ರಾಣಗಳಲ್ಲಿ ದೊರೆಯುವ ಕಲ್ನಾರಿನ ಕೈಚೀಲವನ್ನು ಮುಟ್ಟಲೇಬಾರದು. ನೈಲಾನ್ ಬಟ್ಟೆ, ಇಳಿಬಿದ್ದ ಸೆರಗು, ಬಿಚ್ಚಿದ ಜಡೆ ಇವು ಕುಲುಮೆಯ ಮುಂದೆ ಸಲ್ಲವು. ಬಾಗಿಲು ತೆರೆಯುವ ಹೊತ್ತಿನಲ್ಲಿ ಕುಲುಮೆಯ ಮುಂದೆ ಒಬ್ಬ ವಿದ್ಯಾರ್ಥಿ, ಪಕ್ಕದಲ್ಲಿ ಒಬ್ಬ ಅಧ್ಯಾಪಕ, ಮಿಕ್ಕವರು ಗೆರೆಯಾಚೆ ಎಂಬುದು ತಪ್ಪದ ನಿಯಮವಾಗಿರಬೇಕು.

ಉಪಸಂಹಾರ

ಮೇಲೆ ಹೇಳಿದುದೆಲ್ಲವನ್ನೂ ಕೂಡಿಸಿ ನೋಡಿದರೆ ಕುಲುಮೆಯನ್ನು ಕೊಡುವುದೆಂದರೆ ಒಂದು ಪೆಟ್ಟಿಗೆಯನ್ನು ಕೊಡುವುದಲ್ಲವೆಂಬುದು ವಿಶದವಾಗುತ್ತದೆ. ಪೆಟ್ಟಿಗೆಯೊಡನೆ ವಿದ್ಯುತ್ತಿನ ಸಾಲು, ಕೈಚೀಲ ಕನ್ನಡಕಗಳು, ಬದಲಿ ತಂತಿ, ಒಂದು ವರ್ಷಕ್ಕಾಗುವಷ್ಟು ಬೆಳ್ಳಿ ಬಣ್ಣಗಳು, ಎಲ್ಲಕ್ಕೂ ಮಿಗಿಲಾಗಿ ಅದನ್ನು ನಡೆಸಬಲ್ಲ ಒಬ್ಬ ಅಧ್ಯಾಪಕನ ತರಬೇತಿ ಇವು ಸೇರಿದರೆ ದಾನ ಪೂರ್ಣವಾಗುತ್ತದೆ. ಬಾಗಿಲಿನ ಮೇಲೆ ದಾನಿಯ ಹೆಸರನ್ನು ಕೆತ್ತಿಸುವ ಮುನ್ನ ಕುಲುಮೆಯ ಪಕ್ಕದಲ್ಲಿ ಒಂದು ದಿನಚರಿ ಪುಸ್ತಕವನ್ನು ಕಟ್ಟಿ ತೂಗುಹಾಕುವುದು ಮೇಲು. ಯಾವ ದಿನ, ಯಾವ ವಸ್ತು, ಎಷ್ಟು ಕಾವು, ಎಷ್ಟು ಹೊತ್ತು, ಫಲವೇನು ಎಂದು ಐದು ಅಂಕಣಗಳು ಸಾಕು. ಹತ್ತು ವರ್ಷ ತುಂಬಿದ ಅಂಥ ಪುಸ್ತಕಕ್ಕೆ ಸಮನಾದ ಪಠ್ಯವು ಯಾವ ಅಂಗಡಿಯಲ್ಲಿಯೂ ದೊರೆಯಲಾರದು.

ಹನ್ನೆರಡನೆಯ ಶತಮಾನದ ಶರಣರ ಬಳಗದಲ್ಲಿ ಅಕ್ಕಸಾಲೆಯ ಕಾಯಕದ ಕಿನ್ನರಿ ಬೊಮ್ಮಯ್ಯನಿದ್ದನು. ಹರಿಹರನ ರಗಳೆಯಿಂದ ಪ್ರಸಿದ್ಧನಾದ ಕುಂಬಾರ ಗುಂಡಯ್ಯನೂ ಆ ಪರಂಪರೆಗೆ ಸೇರಿದವನೇ. ಒಬ್ಬನ ಕೈಯಲ್ಲಿ ಲೋಹ, ಇನ್ನೊಬ್ಬನ ಕೈಯಲ್ಲಿ ಮಣ್ಣು. ಇಬ್ಬರಿಗೂ ಬೆಂಕಿಯೇ ಸಹಾಯಕ. ಇಂದು ಲೋಹವನ್ನೇ ಮಣ್ಣಿನಂತೆ ಮಿದಿಯುವ ವಿದ್ಯೆ ಒದಗಿರುವಾಗ ಕುಂಬಾರನ ತಾಳ್ಮೆಯನ್ನೂ ಅಕ್ಕಸಾಲಿಗನ ಚುರುಕನ್ನೂ ಒಬ್ಬ ವಿದ್ಯಾರ್ಥಿಯು ಒಂದೇ ಕುಲುಮೆಯ ಮುಂದೆ ನಿಂತು ಕಲಿಯಬಹುದಾಗಿದೆ. ಎರಡು ಗಂಟೆ ಬಾಗಿಲು ತೆರೆಯದೆ ಕಾಯುವುದು ಒಂದು ಪಾಠ. ಎರಡು ನಿಮಿಷದಲ್ಲಿ ಹದವರಿತು ಬಾಗಿಲು ತೆರೆಯುವುದು ಇನ್ನೊಂದು ಪಾಠ. ಕಾಯಕವನ್ನು ಪೂಜೆಯ ಮಟ್ಟಕ್ಕೆ ಏರಿಸಿದ ಪರಂಪರೆಯ ವಿದ್ಯಾಲಯಗಳಲ್ಲಿ ಈ ಎರಡು ಪಾಠಗಳಿಗೂ ಎಡೆ ದೊರೆಯುವುದು ಉಚಿತವೇ ಆಗಿದೆ.